ಹಮಾಸ್ ತಪ್ಪು ಮಾಡಿದ ಮೇಲೂ ಗಾಜಾದವರಿಗೆ ಮಾನವ ಹಕ್ಕು ಉಂಟೇ?

ಪ್ರಶ್ನೆ: ಸಾರ್, ಮೊದಲು ನಿಯಮ ಮುರಿದದ್ದು ಹಮಾಸ್. ಪ್ಯಾಲೆಸ್ತೀನ್ ಪೂರ್ತಿ ಸ್ವತಂತ್ರ ದೇಶವೂ ಅಲ್ಲ. ಹೀಗಿರುವಾಗ ಗಾಜಾದ ಜನಕ್ಕೆ ಮಾನವ ಹಕ್ಕು ಎಲ್ಲಿಂದ ಬಂತು?

ಉತ್ತರ: ಕೇಳುವವರ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಇನ್ನೊಮ್ಮೆ ಹೇಳುತ್ತೇನೆ, ಈ ಸಲವಾದರೂ ಪೂರ್ತಿ ಓದಿ.

ದೇಶದ ಮಾತು ಮೊದಲು ಮುಗಿಸಿಬಿಡೋಣ, ಅದು ಸುಲಭ. ಒಬ್ಬ ಮನುಷ್ಯನ ನಾಡು ಸ್ವತಂತ್ರವೋ ಪರಾಧೀನವೋ ಎಂದು ನೋಡಿ ಭೇದ ಮಾಡಬಾರದು ಎಂದು ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 2ನೇ ವಿಧಿಯಲ್ಲೇ ಇದೆ. ಘೋಷಣೆ ಬರೀ ಕಾಗದ ಅನ್ನುತ್ತೀರಾ? ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ಇಸ್ರೇಲ್ 1991ರಲ್ಲಿ ತಾನಾಗಿಯೇ ಒಪ್ಪಿಕೊಂಡಿದೆ. ಆ ಒಪ್ಪಂದ ತನ್ನ ಗಡಿಯಾಚೆಗೆ ಅನ್ವಯಿಸದು ಎಂಬ ಇಸ್ರೇಲ್ ವಾದವನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2004ರಲ್ಲಿ, ಪ್ಯಾಲೆಸ್ತೀನ್ ನೆಲದಲ್ಲಿ ಇಸ್ರೇಲ್ ಕಟ್ಟಿದ ತಡೆಗೋಡೆ ಕುರಿತ ಸಲಹಾ ಅಭಿಪ್ರಾಯದಲ್ಲಿ, ತಳ್ಳಿಹಾಕಿತು.

ಇನ್ನು 'ಅವರು ಮುರಿದರು, ಹಾಗಾಗಿ ಇವರಿಗೂ ನಿಯಮವಿಲ್ಲ' ಎಂಬ ನಂಬಿಕೆ. ಎಷ್ಟು ಕಿತ್ತರೂ ಮತ್ತೆ ಚಿಗುರುವುದು ಇದೇ. ಯುದ್ಧಕಾಲದಲ್ಲಿ ನಾಗರಿಕರನ್ನು ರಕ್ಷಿಸುವ 1949ರ ನಾಲ್ಕನೇ ಜಿನೀವಾ ಒಪ್ಪಂದ ತೆರೆದು ನೋಡಿ. ತಾನು ಮಾಡದ ತಪ್ಪಿಗೆ ಯಾರನ್ನೂ ಶಿಕ್ಷಿಸುವಂತಿಲ್ಲ, ಸಾಮೂಹಿಕ ಶಿಕ್ಷೆ ಕೂಡದು, ಪ್ರತೀಕಾರವೂ ಕೂಡದು ಎನ್ನುತ್ತದೆ 33ನೇ ವಿಧಿ. ಮರುಸಾಲಿನಲ್ಲೇ 34ನೇ ವಿಧಿ: ಒತ್ತೆಯಾಳು ಹಿಡಿಯುವಂತಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 250 ಮಂದಿಯನ್ನು ಎಳೆದೊಯ್ದದ್ದು ಘೋರ ಅಪರಾಧ ಅನ್ನುವುದಕ್ಕೆ ಆಧಾರ ಈ ಕಾನೂನೇ. ಎರಡು ದಿನದ ನಂತರ ಇಸ್ರೇಲ್ ರಕ್ಷಣಾ ಸಚಿವ ಗ್ಯಾಲಂಟ್ ಗಾಜಾಕ್ಕೆ ಕರೆಂಟು, ಆಹಾರ, ಇಂಧನ ಎಲ್ಲ ಬಂದ್ ಎಂದು ಸಾರಿದಾಗಲೂ ಅಳೆಯಬೇಕಾದದ್ದು ಇದೇ ಕಾನೂನಿನಿಂದ. 'ಅವರು ಮೊದಲು ಮುರಿದರು' ಎಂಬ ನೆಪ ನಡೆಯುವುದಾದರೆ ಹಮಾಸ್ ಕೂಡ 1967ರಲ್ಲಿ ಇಸ್ರೇಲ್ ಪ್ಯಾಲೆಸ್ತೀನ್ ನೆಲವನ್ನು ವಶಪಡಿಸಿಕೊಂಡದ್ದರತ್ತ ಬೆರಳು ತೋರಿಸಿ ಅದನ್ನೇ ಹೇಳುತ್ತದೆ. ಒಪ್ಪುತ್ತೀರಾ?

'ಜನರೇ ಹಮಾಸ್‌ಗೆ ವೋಟು ಹಾಕಿದ್ದಲ್ಲವೇ' ಅನ್ನುವುದು ಇದರ ಬಾಲ. ಪ್ಯಾಲೆಸ್ತೀನ್ ಶಾಸನಸಭೆಗೆ ಚುನಾವಣೆ ನಡೆದದ್ದು 2006ರ ಜನವರಿಯಲ್ಲಿ. ಹಮಾಸ್‌ಗೆ ಬಿದ್ದದ್ದು ಸುಮಾರು ಶೇ. 44 ಮತ. ಆಮೇಲೆ ಅಂಥ ಚುನಾವಣೆಯೇ ಆಗಿಲ್ಲ. ಗಾಜಾದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿ 18 ತುಂಬದವರು, ಆಗಿನ್ನೂ ಹುಟ್ಟೇ ಇರಲಿಲ್ಲ. ಅದು ಬಿಡಿ, ಎಲ್ಲರೂ ವೋಟು ಹಾಕಿದ್ದರು ಎಂದೇ ಇಟ್ಟುಕೊಳ್ಳಿ. ನಿಮ್ಮ ಶಾಸಕ ಕೊಲೆ ಮಾಡಿದ ಅಂತ ನಿಮ್ಮ ಬೀದಿಯ ನಲ್ಲಿ ನೀರು ನಿಲ್ಲಿಸಿದರೆ ಸುಮ್ಮನಿರುತ್ತೀರಾ?

'ಆಸ್ಪತ್ರೆಯಲ್ಲಿ ಉಗ್ರರು ಅಡಗಿದ್ದರೆ?' ಇದಕ್ಕೂ 1949ರಲ್ಲೇ ಉತ್ತರ ಬರೆದಿಟ್ಟಿದ್ದಾರೆ. ಶತ್ರುವಿಗೆ ಹಾನಿ ಮಾಡಲು ಆಸ್ಪತ್ರೆಯನ್ನು ಬಳಸಿಕೊಂಡರೆ ಅದರ ವಿಶೇಷ ರಕ್ಷಣೆ ಹೋಗಬಹುದು, ಆದರೆ ಮೊದಲು ಎಚ್ಚರಿಕೆ ಕೊಡಬೇಕು, ಸಾಧ್ಯವಿರುವ ಕಡೆಯೆಲ್ಲ ಗಡುವನ್ನೂ ಕೊಡಬೇಕು. ಗಾಯಗೊಂಡ ಸೈನಿಕ ಹಾಸಿಗೆಯಲ್ಲಿದ್ದಾನೆ, ಅವನಿಂದ ಕಿತ್ತಿಟ್ಟ ಬಂದೂಕು ಮೂಲೆಯಲ್ಲಿದೆ ಅನ್ನುವುದು ಕಾರಣವಾಗದು. ರಕ್ಷಣೆ ಹೋದ ಮೇಲೂ ಒಳಗಿರುವ ರೋಗಿ ರೋಗಿಯೇ, ದಾಳಿಗೆ ಮುಂಚೆ ಅವರ ಲೆಕ್ಕ ಇಡಲೇಬೇಕು.

ಇಷ್ಟೆಲ್ಲ ಕೇಳುವವರು ಇಸ್ರೇಲ್ ಹಿಡಿತದಲ್ಲಿರುವ ಇನ್ನೊಂದು ಪ್ಯಾಲೆಸ್ತೀನ್ ಭಾಗವಾದ ಪಶ್ಚಿಮ ದಂಡೆಯ ಬಗ್ಗೆ ಮಾತ್ರ ಕೇಳುವುದಿಲ್ಲ. ಅಲ್ಲಿ ಹಮಾಸ್ ಆಡಳಿತವಿಲ್ಲ, ನೆಪಕ್ಕೂ ಸಿಗದು. ಅಲ್ಲಿನ ಹೆಬ್ರಾನ್ ಊರಿನ ಶುಹದಾ ಬೀದಿ ಒಂದು ಕಾಲದ ಪೇಟೆ ಬೀದಿ. 1994ರಲ್ಲಿ ಒಬ್ಬ ಇಸ್ರೇಲಿ ವಲಸಿಗ (ವಶಪಡಿಸಿಕೊಂಡ ನೆಲದಲ್ಲಿ ಬಂದು ನೆಲೆಸಿದವ) ಆ ಊರಿನ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಮಂದಿಯನ್ನು ಗುಂಡಿಟ್ಟು ಕೊಂದ. ಆ ನಂತರ ಹಂತಹಂತವಾಗಿ ಬೀದಿ ಮುಚ್ಚಿದ್ದು ಸತ್ತವರ ಕಡೆಯವರಾದ ಪ್ಯಾಲೆಸ್ತೀನಿಯರಿಗೆ! ಬೀದಿಗೆ ತೆರೆಯುತ್ತಿದ್ದ ಬಾಗಿಲುಗಳಿಗೆ ವೆಲ್ಡಿಂಗ್ ಬಿತ್ತು, ಕೆಲವು ಮನೆಯವರು ಹಿತ್ತಲಿಂದಲೋ ಚಾವಣಿ ಹತ್ತಿಯೋ ಹೊರಬರುವಂತಾಯಿತು. ಆ ಊರಲ್ಲಿ ಪ್ಯಾಲೆಸ್ತೀನಿ ಹುಡುಗ ಕಲ್ಲೆಸೆದರೆ ಇಸ್ರೇಲಿನ ಮಿಲಿಟರಿ ಕೋರ್ಟು, ಪಕ್ಕದ ವಲಸಿಗರ ಹುಡುಗ ಎಸೆದರೆ ಇಸ್ರೇಲಿನ ಸಿವಿಲಿಯನ್ ಕೋರ್ಟು. ಮುಂದಿನ ಸಲ ಇದನ್ನೂ ಕೇಳಿ.