ಬೇಸ್ ಗಿಟಾರಿನ ಬಣ್ಣ ಚಕ್ಕೆಯೆದ್ದರೆ ನೈಲ್ ಪಾಲಿಶ್ ಸಾಕೇ?

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಬೇಸ್ ಗಿಟಾರ್ ಬಾಗಿಲವಾಡಕ್ಕೆ ಬಡಿದು ಅಂಚಿನಲ್ಲಿ ಕಾಳುಮೆಣಸಿನಷ್ಟು ಬಣ್ಣ ಹಾರಿಹೋಗಿದೆ. ಒಳಗಿನ ಮರ ಕಾಣುತ್ತಿದೆ. ಗಿಟಾರಿನದು ಹೊಳಪಿನ ಕಪ್ಪು ಬಣ್ಣ. ನೈಲ್ ಪಾಲಿಶ್ ಹಚ್ಚಿದರೆ ಸಾಕು ಅಂತಾರೆ ಗೆಳೆಯರು. ನಿಜವೇ? ನಾದ ಏನಾದರೂ ಕೆಡುತ್ತದೆಯೇ?

ಉತ್ತರ: ನಾದದ ಚಿಂತೆ ಬಿಡಿ. ಎಲೆಕ್ಟ್ರಿಕ್ ಬೇಸಿನಲ್ಲಿ ತಂತಿಯ ಕಂಪನವನ್ನು ಹಿಡಿಯುವುದು ಪಿಕಪ್. ಇಷ್ಟು ಚಿಕ್ಕ ಚಕ್ಕೆ ಹೋದದ್ದು ಯಾರ ಕಿವಿಗೂ ತಿಳಿಯುವುದಿಲ್ಲ. ಹಾಗೆಂದು ಗಾಯವನ್ನು ತೆರೆದಿಡಬೇಡಿ. ಬರಿಮೈಯಾದ ಮರ ಕೈಬೆವರನ್ನೂ ಮಳೆಗಾಲದ ತೇವವನ್ನೂ ಎಳೆದುಕೊಳ್ಳುತ್ತದೆ. ಸುತ್ತಲಿನ ಬಣ್ಣದ ಅಂಚು ಸಡಿಲವಾಗಿ, ಅಂಗಿಯ ತೋಳಿಗೋ ಬ್ಯಾಗಿನ ಜಿಪ್ಪಿಗೋ ಸಿಕ್ಕಿ ಇನ್ನಷ್ಟು ಏಳುತ್ತದೆ. ಗಾಯವನ್ನು ಮುಚ್ಚುವುದು ಮೊದಲ ಗುರಿಯಾಗಲಿ. ಯಾರಿಗೂ ಕಾಣದಂತೆ ಮಾಡುವುದು ಆಮೇಲಿನ ಮಾತು.

ಗೆಳೆಯರು ಹೇಳಿದ್ದು ಅರ್ಧ ಸರಿ. ನೈಲ್ ಪಾಲಿಶ್‌ನ ಮುಖ್ಯ ದ್ರವ್ಯ ನೈಟ್ರೊಸೆಲ್ಯುಲೋಸ್. 1920ರ ದಶಕದಿಂದ ಕಾರುಗಳಿಗೆ ಬಳಿಯುತ್ತಿದ್ದ ಲ್ಯಾಕರ್ (ಬೇಗ ಒಣಗುವ ಹೊಳಪಿನ ಲೇಪ) ಕೂಡ ಅದೇ ವಂಶದ್ದು. 1951ರಲ್ಲಿ ಪ್ರಿಸಿಷನ್ ಬೇಸ್ ತಂದ ಫೆಂಡರ್ ಕಂಪನಿ ಆಗೆಲ್ಲ ಕಾರಿನ ಬಣ್ಣಗಳನ್ನೇ ಗಿಟಾರಿಗೂ ಹೊಡೆಯುತ್ತಿತ್ತು. ಅದರ ಹೆಸರಾಂತ ಫಿಯೆಸ್ಟಾ ರೆಡ್ ಫೋರ್ಡ್ ಕಾರಿನದು, ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲ್ಯಾಕ್‌ನದು. 1960ರ ದಶಕ ಮುಗಿಯುವ ಹೊತ್ತಿಗೆ ದಪ್ಪ ಪಾಲಿಯೆಸ್ಟರ್ ಲೇಪ ಬಂತು. ಇಂದು ಅಂಗಡಿಯಲ್ಲಿ ಸಿಗುವ ಬೇಸ್‌ಗಳಲ್ಲಿ ಬಹುಪಾಲು ಪಾಲಿಯೆಸ್ಟರ್ ಇಲ್ಲವೇ ಪಾಲಿಯುರೆಥೇನ್‌ನವು. ಈ ‘ಪಾಲಿ’ ಲೇಪದ ಮೇಲೆ ನೈಲ್ ಪಾಲಿಶ್ ಸುಮ್ಮನೆ ಕೂರುತ್ತದೆ, ಕೆಡುಕಿಲ್ಲ. ನೈಟ್ರೊ (ನೈಟ್ರೊಸೆಲ್ಯುಲೋಸ್) ಲೇಪವಾದರೆ ನೈಲ್ ಪಾಲಿಶ್‌ನೊಳಗಿನ ದ್ರಾವಕ ಸುತ್ತಲಿನ ಒಳ್ಳೆಯ ಬಣ್ಣವನ್ನೂ ಮೆತ್ತಗಾಗಿಸಬಹುದು.

ಯಾವುದೆಂದು ತಿಳಿಯಲು ಮೊದಲು ಗಾಯವನ್ನೇ ನೋಡಿ. ಗಾಜಿನ ಬಳೆ ಒಡೆದಂತೆ ಅಂಚು ಚೂಪಾಗಿ, ಲೇಪ ದಪ್ಪವಾಗಿ ಕಂಡರೆ ಬಹುಮಟ್ಟಿಗೆ ಪಾಲಿ. ನೈಟ್ರೊ ತೆಳು, ಸವೆಯುವುದೇ ಹೆಚ್ಚು. ಅನುಮಾನ ಉಳಿದರೆ ತಂತಿಗಳ ಕೆಳಗಿನ ಪ್ಲಾಸ್ಟಿಕ್ ತಟ್ಟೆಯಾದ ಪಿಕ್‌ಗಾರ್ಡ್ ಬಿಚ್ಚಿ, ಅದರಡಿ ಮುಚ್ಚಿಹೋಗುವ ಜಾಗದಲ್ಲಿ ಅಸಿಟೋನ್ ತಾಗಿಸಿದ ಕಿವಿಕಡ್ಡಿಯನ್ನು ಒಮ್ಮೆ ಒತ್ತಿ ನೋಡಿ. ಅಂಟಂಟಾದರೆ ನೈಟ್ರೊ. ಹೊರಗೆ ಕಾಣುವ ಮೈಮೇಲೆ ಈ ಪರೀಕ್ಷೆ ಬೇಡವೇ ಬೇಡ.

ನಿಮ್ಮದು ಪಾಲಿ ಎಂದೇ ಇಟ್ಟುಕೊಳ್ಳೋಣ. ಹಾರಿಹೋದ ಚಕ್ಕೆ ನೆಲದ ಮೇಲೆ ಎಲ್ಲಾದರೂ ಇದೆಯೇ ಹುಡುಕಿ. ಸಿಕ್ಕಿದರೆ ಅದೃಷ್ಟ. ಒಂದು ಹನಿ ಫೆವಿಕ್ವಿಕ್‌ನಿಂದ ಅದನ್ನೇ ವಾಪಸ್ ಕೂರಿಸಿಬಿಡಿ. ಅದಕ್ಕಿಂತ ಒಳ್ಳೆಯ ಬಣ್ಣದ ಹೊಂದಾಣಿಕೆ ಯಾವ ಅಂಗಡಿಯಲ್ಲೂ ಸಿಗದು.

ಸಿಗಲಿಲ್ಲವೆಂದರೆ ಲೈಟರಿಗೆ ಹಾಕುವ ಪೆಟ್ರೋಲಿನಿಂದ ಜಾಗ ಒರೆಸಿ. ಸಿಲಿಕೋನ್ ಇರುವ ಪಾಲಿಶ್ ಹಿಂದೆ ಹಚ್ಚಿದ್ದರೆ ಅದು ಪೂರ್ತಿ ಹೋಗಲೇಬೇಕು, ಇಲ್ಲದಿದ್ದರೆ ಮೇಲೆ ಹಾಕಿದ್ದು ಹಿಡಿಯುವುದಿಲ್ಲ. ಅಲುಗಾಡುವ ಅಂಚಿದ್ದರೆ ಬ್ಲೇಡಿನ ತುದಿಯಿಂದ ತೆಗೆಯಿರಿ. ಬಣ್ಣಕ್ಕೆ ಕಾರಿನ ಟಚ್‌ಅಪ್ ಪೇಂಟ್ ಒಳ್ಳೆಯದು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಆಟೋ ಅಂಗಡಿಗಳಲ್ಲಿ ವಿಚಾರಿಸಿ. ಕಪ್ಪಾದ್ದರಿಂದ ನಿಮ್ಮ ಕೆಲಸ ಸುಲಭ. ಬಿಳಿ ವರ್ಷ ಕಳೆದಂತೆ ಹಳದಿಗೆ ತಿರುಗಿರುತ್ತದೆ, ಹೊಸ ಬಿಳಿ ಅದರ ಪಕ್ಕ ಎದ್ದುಕಾಣುತ್ತದೆ. ಮೆಟಾಲಿಕ್ ಅಂತೂ ಕೈಗೆ ಸಿಗದು, ಅದರ ಕಣಗಳು ಸ್ಪ್ರೇಯಲ್ಲಿ ಕೂರುವ ಹಾಗೆ ಕುಂಚದಲ್ಲಿ ಕೂರುವುದಿಲ್ಲ. ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಕುಳಿಯ ತಳಕ್ಕಷ್ಟೇ ತೆಳ್ಳಗೆ ಮುಟ್ಟಿಸಿ, ಒಂದು ದಿನ ಒಣಗಲು ಬಿಡಿ.

ಇನ್ನು ಕುಳಿ ತುಂಬುವುದು. ಇಲ್ಲಿಯೇ ಹೆಚ್ಚಿನವರು ಆತುರಪಟ್ಟು ಕೆಡಿಸುವುದು. ಫೆವಿಕ್ವಿಕ್‌ನಂಥ ನೀರಿನಂತೆ ತೆಳುವಾದ ಗೋಂದನ್ನು ಒಂದೇ ಸಲಕ್ಕೆ ದಪ್ಪಗೆ ಸುರಿದರೆ ಒಳಗೆ ಹಸಿ ಉಳಿಯುತ್ತದೆ. ಪುಟ್ಟ ಹನಿ ಹಾಕಿ, ಗಟ್ಟಿಯಾದ ಮೇಲೆ ಇನ್ನೊಂದು. ಹೀಗೆ ಸುತ್ತಲಿನ ಮೈಗಿಂತ ಕೂದಲೆಳೆಯಷ್ಟು ಉಬ್ಬುವವರೆಗೆ. ಬೇಗ ಒಣಗಿಸುವ ಸ್ಪ್ರೇ ಬೇಡ, ಗುಳ್ಳೆ ಏಳುತ್ತದೆ. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬೇಡಿ: ಈ ಗೋಂದು ಹತ್ತಿಗೆ ತಾಗಿದರೆ ಕೈಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಬರಬಹುದು. ಕಿಟಕಿ ತೆರೆದಿರಲಿ, ಕಣ್ಣಿಗೆ ಕನ್ನಡಕವಿರಲಿ.

ಮಾರನೆಯ ದಿನ ಒಂದು ಹೊಸ ಬ್ಲೇಡ್ ತೆಗೆದುಕೊಂಡು, ಅದರ ಅಲಗಿನ ಎರಡೂ ತುದಿಗೆ ಸೆಲೋಟೇಪ್ ಸುತ್ತಿ, ನಡುವೆ ಉಬ್ಬಿಗಿಂತ ತುಸು ಅಗಲದ ಜಾಗವನ್ನಷ್ಟೇ ಬಿಡಿ. ನೆಟ್ಟಗೆ ಹಿಡಿದು ನಿಧಾನ ಹೆರೆಯಿರಿ. ಟೇಪು ಬಣ್ಣದ ಮೇಲೆ ಜಾರುತ್ತದೆ, ಅಲಗು ಉಬ್ಬನ್ನಷ್ಟೇ ಕೆರೆಯುತ್ತದೆ. ರಿಪೇರಿಯವರ ಹಳೆಯ ಉಪಾಯ ಇದು, ನೀರು ಮುಟ್ಟಿಸಿ ಉಜ್ಜುವ ಉಪ್ಪುಕಾಗದ, ಅಂದರೆ ವಾಟರ್ ಪೇಪರ್‌ಗಿಂತ ನಾನು ಇದನ್ನೇ ಹೆಚ್ಚು ನಂಬುತ್ತೇನೆ. ಪೇಪರ್ ಹಿಡಿದ ಕೈ ಗೊತ್ತಿಲ್ಲದೆಯೇ ಸುತ್ತ ಹರಡುತ್ತದೆ; ನಿಮ್ಮ ಗಾಯವೋ ಅಂಚಿನಲ್ಲಿದೆ, ಲೇಪ ತೀರ ತೆಳುವಾಗಿರುವುದೂ ಅಲ್ಲೇ. ಕಾಳಿನಷ್ಟಿದ್ದ ಕಲೆಯನ್ನು ರೂಪಾಯಿಯಷ್ಟು ಮಾಡಿಕೊಳ್ಳುವುದು ಹೀಗೆಯೇ. ಬ್ಲೇಡು ಸಮಮಾಡಿದ ಮೇಲೆ 1500, 2000 ನಂಬರಿನ ವಾಟರ್ ಪೇಪರ್ ಅನ್ನು ಒಂದು ತುಂಡು ರಬ್ಬರಿಗೆ ಸುತ್ತಿ, ಸೋಪುನೀರು ಮುಟ್ಟಿಸಿ ನಾಲ್ಕಾರು ಸಲ ಎಳೆದರೆ ಸಾಕು. ನೀರು ಸ್ಕ್ರೂ ತೂತಿಗೆ ಇಳಿಯದಿರಲಿ, ಮರ ಉಬ್ಬುತ್ತದೆ. ಕೊನೆಗೆ ಕಾರಿನ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿದರೆ ಹೊಳಪು ಕೂಡಿಕೊಳ್ಳುತ್ತದೆ. ಓರೆ ಬೆಳಕಿನಲ್ಲಿ ಆಮೇಲೂ ಗುರುತು ಕಂಡೀತು. ವೇದಿಕೆಯ ಮುಂದೆ ಕೂತವರಿಗೆ ಕಾಣದು.

ಮ್ಯಾಟ್ ಲೇಪದ ಬೇಸ್ ಇರುವವರು ಈ ಉಜ್ಜುವ ಗೋಜಿಗೆ ಹೋಗಬೇಡಿ. ಗಾಯದ ಸುತ್ತ ಹೊಳೆಯುವ ಉಂಗುರ ಬಂದು ಮೊದಲಿಗಿಂತ ಅಧ್ವಾನವಾಗುತ್ತದೆ. ಬಣ್ಣ ಮುಟ್ಟಿಸಿ ಬಿಟ್ಟುಬಿಡಿ.

ನೈಟ್ರೊ ಆದರೆ ಗೋಂದಿನ ಬದಲು ನೈಟ್ರೊ ಲ್ಯಾಕರನ್ನೇ ಹನಿಹನಿಯಾಗಿ ತುಂಬಬೇಕು. ಅದು ಹಳೆಯ ಪದರದೊಂದಿಗೆ ಕರಗಿ ಒಂದಾಗುತ್ತದೆ, ಆದರೆ ಒಣಗುತ್ತ ಕುಗ್ಗುವುದರಿಂದ ಸಮ ಮಾಡುವ ಮುನ್ನ ವಾರಗಟ್ಟಲೆ ಕಾಯಬೇಕು. ಅದೂ 60ರ ದಶಕದ ಮೂಲ ಬಣ್ಣದ ವಾದ್ಯವಾದರೆ ದಯವಿಟ್ಟು ಕೈಹಾಕಬೇಡಿ. ಹೊಸದಾಗಿ ಬಣ್ಣ ಬಳಿಸಿದರೆ ಬೆಲೆ ಇಳಿಯುತ್ತದೆ. ಸವೆದ ನೋಟಕ್ಕೆ ಬೆಲೆ ಎಷ್ಟೆಂದರೆ, ಫೆಂಡರ್ 1995ರಿಂದ ಹೊಸ ವಾದ್ಯಗಳ ಬಣ್ಣವನ್ನು ಬೇಕೆಂದೇ ಕೆತ್ತಿ, ‘ರೆಲಿಕ್’ ಅಂತ ಹೆಸರಿಟ್ಟು ಮಾರುತ್ತಿದೆ. ನಾವಿಲ್ಲಿ ಕಾಳುಮೆಣಸಿನಷ್ಟಕ್ಕೆ ನಿದ್ದೆಗೆಡುತ್ತೇವೆ!

ಇನ್ನೊಂದು ವಿಷಯ. ಏಟು ಬಿದ್ದ ಬೇಸಿನ ಕುತ್ತಿಗೆ ದೇಹಕ್ಕೆ ಸೇರುವ ಮೂಲೆಯನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲಿ ಕೂದಲಿನಂಥ ಗೆರೆ ಕಾಣುವುದು ಸಾಮಾನ್ಯ, ಹೆಚ್ಚಿನ ಸಲ ಅದು ಬಣ್ಣದ ಬಿರುಕು ಮಾತ್ರ. ತಂತಿ ಸಡಿಲಿಸಿ ಕುತ್ತಿಗೆಯನ್ನು ಮೆಲ್ಲಗೆ ಅಲುಗಿಸಿದಾಗ ಗೆರೆ ಬಾಯಿ ಬಿಟ್ಟರೆ ಸೀಳಿರುವುದು ಮರ. ಆಗ ಫೆವಿಕ್ವಿಕ್ ಪಕ್ಕಕ್ಕಿಟ್ಟು ಗಿಟಾರ್ ರಿಪೇರಿಯವರಿಗೆ ತೋರಿಸಿ.