ಸರ್ಕಾರಿ ಸಂಪಾದಕರಿಗೆ ಸಂಪಾದಿಸುವ ಸ್ವಾತಂತ್ರ್ಯ ಇದೆಯೆ?

ಪ್ರಶ್ನೆ: ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿದ್ದೇನೆ. ಸರ್ಕಾರಿ ಪ್ರಕಟಣಾ ಸಂಸ್ಥೆಯೊಂದರಲ್ಲಿ ಸಂಪಾದಕ ಹುದ್ದೆಗೆ ಪ್ರಯತ್ನಿಸಬೇಕೆಂಬ ಆಸೆ ಇದೆ. ಆದರೆ ಗೆಳೆಯರು, "ಅಲ್ಲಿ ಹಿರಿಯ ಸಂಪಾದಕ ಅಂದರೂ ಮೇಲಿನವರು ಕಳಿಸಿದ್ದನ್ನು ಅಚ್ಚಿಗೆ ಹಾಕೋದಷ್ಟೇ ಕೆಲಸ" ಅನ್ನುತ್ತಾರೆ. ಹೌದೆ?

ಉತ್ತರ: ಯಾವ ಪುಸ್ತಕ, ಯಾವ ಕೈಪಿಡಿ ಹೊರಬರಬೇಕು ಎಂಬುದನ್ನು ಸರ್ಕಾರಿ ಸಂಸ್ಥೆಯ ಹಿರಿಯ ಸಂಪಾದಕರು ತಾವೊಬ್ಬರೇ ತೀರ್ಮಾನಿಸುವುದಿಲ್ಲ. ಹೊರಬಂದದ್ದರಲ್ಲಿ ತಪ್ಪಿದ್ದರೆ ಉತ್ತರ ಹೇಳಬೇಕಾದವರು ಮಾತ್ರ ಅವರೇ. ಅದನ್ನು ತಿದ್ದುವ, ತಡೆಯುವ, "ಇದು ಹೀಗೆ ಹೋಗಬಾರದು" ಎಂದು ಬರೆದಿಡುವ ಅವಕಾಶ ನಿಮ್ಮ ಗೆಳೆಯರು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು. ಉಪಸಂಪಾದಕನಾಗಿ ಸೇರಿ ಹಿರಿಯ ಸಂಪಾದಕನಾಗಿ ನಿವೃತ್ತನಾದ ನಾನು ಅಷ್ಟೂ ವರ್ಷ ಮಾಡಿದ್ದು ಇದನ್ನೇ.

ಮೊದಲು, ಇಲ್ಲದ್ದನ್ನು ಹೇಳಿಬಿಡುತ್ತೇನೆ. ದಿನಪತ್ರಿಕೆಯ ಸಂಪಾದಕರ ಹಾಗೆ ಸರ್ಕಾರದ ನೀತಿಯನ್ನು ಟೀಕಿಸಿ ಅಗ್ರಲೇಖನ ಬರೆಯಲಾಗುವುದಿಲ್ಲ. ಕೇಂದ್ರ ನೌಕರರಿಗೆ 1964ರ ನಡತೆ ನಿಯಮಗಳಿವೆ, ಅದರ 9ನೇ ನಿಯಮ ಇದನ್ನು ನೇರವಾಗಿಯೇ ತಡೆಯುತ್ತದೆ. ನಿಮ್ಮ ಮನಸ್ಸು ಇರುವುದು ಅಗ್ರಲೇಖನದಲ್ಲೇ ಆದರೆ ಹಿಂದೆಮುಂದೆ ನೋಡದೆ ಪತ್ರಿಕೆಗೆ ಹೋಗಿ. ಇಲ್ಲಿಗೆ ಬಂದು ಮೂವತ್ತು ವರ್ಷ ಕೊರಗುವುದು ಬೇಡ.

ಇನ್ನು ಇರುವುದರ ವಿಷಯ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಗೊತ್ತಿರುವ 'ಯೋಜನಾ' ಮಾಸಪತ್ರಿಕೆಯನ್ನೇ ನೋಡಿ. 1957ರ ಗಣರಾಜ್ಯ ದಿನದಂದು ಆರಂಭವಾದಾಗ ಅದರ ಮೊದಲ ಸಂಪಾದಕರು ಖುಷ್ವಂತ್ ಸಿಂಗ್. ಕೇಂದ್ರದ ಪ್ರಕಟಣಾ ವಿಭಾಗ ಇಂದು ಅದನ್ನು 13 ಭಾಷೆಗಳಲ್ಲಿ ತರುತ್ತದೆ. ಕನ್ನಡ ಆವೃತ್ತಿ ಸಿದ್ಧವಾಗುವುದು ಬೆಂಗಳೂರಿನ ಕೋರಮಂಗಲದಲ್ಲಿ. ಇಂಥ ಪತ್ರಿಕೆಯ ಕನ್ನಡ ಮೇಜಿನ ಮೇಲೆ ಬೀಳುವುದು ಹೆಚ್ಚಾಗಿ ಅನುವಾದ, ಅದರ ತುಂಬ ಅಂಕಿಗಳು. ಮಿಲಿಯನ್ ಅಂದರೆ 10 ಲಕ್ಷ, ಬಿಲಿಯನ್ ಅಂದರೆ 100 ಕೋಟಿ, ಟ್ರಿಲಿಯನ್ ಅಂದರೆ 1 ಲಕ್ಷ ಕೋಟಿ. ಬಾಯಲ್ಲಿ ಹೇಳುವಾಗ ಎಲ್ಲರಿಗೂ ಸರಿಯಾಗಿಯೇ ಬರುತ್ತದೆ. ರಾತ್ರಿ ಎಂಟು ಗಂಟೆಗೆ ಕೊನೆಯ ಪ್ರೂಫ್ ನೋಡುವಾಗ ಒಂದು ಸೊನ್ನೆ ಜಾರಿದರೆ ಮಾತ್ರ ಪರೀಕ್ಷೆ ಬರೆಯುವ ಹುಡುಗ ಹುಡುಗಿಯರು ಆ ತಪ್ಪು ಅಂಕಿಯನ್ನೇ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಸರ್ಕಾರದ ಪತ್ರಿಕೆಯಲ್ಲಿ ಬಂದದ್ದನ್ನು ಅವರೇಕೆ ಅನುಮಾನಿಸಬೇಕು?

ಈ ನಂಬಿಕೆ ಎಷ್ಟು ಭಾರದ್ದು ಎಂದು ನನಗೆ ತಿಳಿದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ನೌಕರಿಯ ಆರಂಭದ ದಿನಗಳು. ಒಂದು ಸಹಾಯಧನ ಯೋಜನೆಯ ಕರಪತ್ರದಲ್ಲಿ "ಅರ್ಜಿಗಳನ್ನು 10ರೊಳಗೆ ಸಲ್ಲಿಸಬೇಕು" ಎಂಬ ಸಾಲಿತ್ತು. ಓದಿದೆ, ಕಾಗುಣಿತ ಸರಿಯಿತ್ತು, ಬಿಟ್ಟೆ. ಒಂದು ಮಧ್ಯಾಹ್ನ ವಯಸ್ಸಾದವರೊಬ್ಬರು ಆ ಕರಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿಟ್ಟುಕೊಂಡು ನಮ್ಮ ಕಚೇರಿಗೇ ಬಂದರು. ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ವಿಳಾಸವನ್ನು ಯಾರಿಂದಲೋ ಓದಿಸಿಕೊಂಡಿದ್ದರು.

"ಹತ್ತರೊಳಗೆ ಅಂತ ಐತಲ್ಲ ಸ್ವಾಮಿ. ಇವತ್ತು ಹತ್ತೇ ತಾರೀಕು. ಅಲ್ಲಿ ನಿನ್ನೇಗೇ ಮುಗೀತು ಅಂತಾರೆ."

ಮೂಲ ಆದೇಶ ತೆಗೆಸಿ ನೋಡಿದೆ. ಅದರಲ್ಲಿದ್ದದ್ದು ಹತ್ತನೇ ತಾರೀಖಿಗೆ ಮುಂಚೆ ಎಂದು. 'ಒಳಗೆ' ಅಂದರೆ ಹತ್ತನೇ ತಾರೀಖೂ ಸೇರಿತು ಎಂದು ಅವರು ತಿಳಿದರು. ನಾನಾಗಿದ್ದರೂ ಹಾಗೇ ತಿಳಿಯುತ್ತಿದ್ದೆ. ಯಜಮಾನರನ್ನು ಕೂರಿಸಿ, ಸಂಬಂಧಪಟ್ಟ ಶಾಖೆಗೆ ಫೋನು ಮಾಡಿ, ತಪ್ಪು ಕರಪತ್ರದ್ದು ಎಂದು ಒಪ್ಪಿಕೊಂಡು ಪತ್ರ ಬರೆದುಕೊಟ್ಟೆ. ಅವರ ಅರ್ಜಿ ತೆಗೆದುಕೊಂಡರು. ಬಸ್ಸಿನ ಖರ್ಚು ಮಾಡಿಕೊಂಡು ಬರಲಾಗದೆ ಊರಲ್ಲೇ ಉಳಿದವರು ಎಷ್ಟು ಮಂದಿಯೋ ಎಂಬ ಪ್ರಶ್ನೆ ಮಾತ್ರ ನನ್ನನ್ನು ಈಗಲೂ ಬಿಟ್ಟಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಹೆಚ್ಚು ಹೊತ್ತು ನೋಡುತ್ತಿದ್ದದ್ದು ಚಿಕ್ಕ ಮಾತುಗಳನ್ನು. ಒಮ್ಮೆ ಮೂಲದಲ್ಲಿ ಎರಡು ದಾಖಲೆಗಳ ಹೆಸರಿನ ನಡುವೆ ಬರೀ ಒಂದು ಓರೆಗೆರೆ ಇತ್ತು. ಅನುವಾದದಲ್ಲಿ ಅದು 'ಮತ್ತು' ಆಗಿತ್ತು. ಎರಡೂ ಬೇಕೋ, ಒಂದು ಸಾಕೋ? ಶಾಖೆಯ ಗುಮಾಸ್ತರಿಗೂ ಖಚಿತವಿರಲಿಲ್ಲ. ಲಿಖಿತ ಉತ್ತರ ಬರುವವರೆಗೆ ಅಚ್ಚಿಗೆ ಕೊಡುವುದಿಲ್ಲ ಎಂದೆ. ನಾಲ್ಕು ದಿನ ತಡವಾಯಿತು, ಮೇಲಧಿಕಾರಿಗಳು ಮುಖ ಗಂಟಿಕ್ಕಿದರು. ಕೊನೆಗೆ ಬಂದ ಉತ್ತರ: ಒಂದು ಸಾಕು. "ಇವೆರಡರಲ್ಲಿ ಯಾವುದಾದರೂ ಒಂದಿದ್ದರೆ ಸಾಕು" ಎಂದು ಬಿಡಿಸಿ ಬರೆದೆವು. ಆ ನಾಲ್ಕು ದಿನ ನಿಲ್ಲಿಸುವ ಅಧಿಕಾರವೇ ಹಿರಿಯ ಸಂಪಾದಕರ ಅಧಿಕಾರ.

ಕನ್ನಡದ್ದೇ ಆದ ಇನ್ನೊಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತನ್ನು ಒತ್ತಿ 'ಸಕಾ೯ರ' ಎಂದು ಬೆರಳಚ್ಚು ಮಾಡುವ ರೂಢಿ ಬಹಳ ಕಚೇರಿಗಳಲ್ಲಿತ್ತು. ಕಾಗದದ ಮೇಲೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅದೇ ಕಡತವನ್ನು ಜಾಲತಾಣಕ್ಕೆ ಏರಿಸಿದರೆ 'ಸರ್ಕಾರ' ಎಂದು ಹುಡುಕಿದವರಿಗೆ ಅದು ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಪದದ ನಡುವೆ ಅಂಕಿಯೊಂದನ್ನು ಕಂಡು ತಡವರಿಸುತ್ತದೆ. ಇಂಥ ಒಂಬತ್ತುಗಳನ್ನು ಹೆಕ್ಕಿ ತೆಗೆಯುವುದರಲ್ಲಿ ನನ್ನ ಎಷ್ಟೋ ಸಂಜೆಗಳು ಕಳೆದಿವೆ. ಆ ಕೆಲಸ ಸಣ್ಣದೆಂದು ನನಗೆ ಯಾವತ್ತೂ ಅನಿಸಿಲ್ಲ.

ದೊಡ್ಡ ಕೆಲಸದ ಮಾತು ಬಂದರೆ ನಾನು ಎಲ್ಲ ಹೊಸಬರಿಗೂ ತೋರಿಸುತ್ತಿದ್ದದ್ದು ಗಾಂಧೀಜಿಯವರ ಸಮಗ್ರ ಬರಹಗಳ ಇಂಗ್ಲಿಷ್ ಸಂಪುಟಗಳನ್ನು. ಅದೂ ಪ್ರಕಟಣಾ ವಿಭಾಗದ್ದೇ. 1956ರಲ್ಲಿ ಶುರುವಾಗಿ 1994ರಲ್ಲಿ 100ನೇ ಸಂಪುಟದೊಂದಿಗೆ ಮುಗಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಕೆ. ಸ್ವಾಮಿನಾಥನ್ 1960ರಲ್ಲಿ ಪ್ರಧಾನ ಸಂಪಾದಕರಾಗಿ ಬಂದು ದಶಕಗಳ ಕಾಲ ಅದನ್ನು ನಡೆಸಿದರು. ಗಾಂಧೀಜಿ ಗುಜರಾತಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆದವರು. ಒಂದು ಬರಹದ ಮೂಲ ಯಾವ ಭಾಷೆಯದು, ಎಲ್ಲಿಂದ ಸಿಕ್ಕಿತು ಎಂಬ ವಿವರ ಆಯಾ ಬರಹದ ಜೊತೆಗೇ ಇದೆ. ತಾರೀಖಿಲ್ಲದ ಪತ್ರಕ್ಕೆ ಸಂಪಾದಕರು ಊಹಿಸಿದ ತಾರೀಖನ್ನು ಚೌಕ ಆವರಣದೊಳಗೆ ಇಟ್ಟಿದ್ದಾರೆ. ಇದು ಗಾಂಧೀಜಿಯ ಮಾತಲ್ಲ, ನಮ್ಮದು ಎಂದು ಓದುಗರಿಗೆ ಹೇಳುವ ಪ್ರಾಮಾಣಿಕತೆ ಅದು. ನೆಹರೂ ಕಾಲದಿಂದ ನರಸಿಂಹರಾವ್ ಕಾಲದವರೆಗೆ ದೆಹಲಿಯಲ್ಲಿ ಎಷ್ಟೋ ಸರ್ಕಾರಗಳು ಬಂದುಹೋದವು. ಆ ಚೌಕ ಆವರಣದ ಶಿಸ್ತು ಮಾತ್ರ ಬದಲಾಗಲಿಲ್ಲ.

ಅದೇ ಸಂಪುಟಗಳ ಪರಿಷ್ಕೃತ ಆವೃತ್ತಿ 1999ರಲ್ಲಿ ಸಿ.ಡಿ. ರೂಪದಲ್ಲಿ, ಆಮೇಲೆ ಪುಸ್ತಕವಾಗಿ ಬಂತು. ಬರಹಗಳ ಕ್ರಮ ಬದಲಾಗಿತ್ತು. ಹಳೆಯದರ ಪಕ್ಕದಲ್ಲಿಟ್ಟು ನೋಡಿದ ವಿದ್ವಾಂಸರಿಗೆ ನೂರಾರು ಬರಹಗಳೇ ಕಾಣಲಿಲ್ಲ. ಹಳೆಯ ಸಂಪಾದಕರ ಮುನ್ನುಡಿಗಳೂ ಇರಲಿಲ್ಲ. ದೊಡ್ಡ ವಿರೋಧವೆದ್ದು, 2005ರಲ್ಲಿ ಸರ್ಕಾರ ಆ ಆವೃತ್ತಿಯನ್ನು ಹಿಂತೆಗೆದುಕೊಂಡಿತು. ಒಳ್ಳೆಯ ಸಂಪಾದಕರು ಕಟ್ಟಿದ್ದು ಎಷ್ಟು ಗಟ್ಟಿಯಾಗಿತ್ತು ಎಂಬುದು ನನಗೆ ಚೆನ್ನಾಗಿ ಅರ್ಥವಾದದ್ದು ಆಗ. ತಪ್ಪನ್ನು ಹಿಡಿಯಲು ಬೇಕಾದ ಅಳತೆಗೋಲೂ ಅವರದೇ ಆಗಿತ್ತು.

ನಮ್ಮ ರಾಜ್ಯದಲ್ಲಿ ಇದಕ್ಕೆ ಸಮನಾದ ಪರಂಪರೆ ಗ್ಯಾಸೆಟಿಯರಿನದು, ಅಂದರೆ ಒಂದು ಪ್ರದೇಶದ ವಿವರಗಳನ್ನೆಲ್ಲ ಕಲೆಹಾಕಿದ ಸರ್ಕಾರಿ ಗ್ರಂಥದ್ದು. ಬಿ.ಎಲ್. ರೈಸ್ 1870ರ ದಶಕದಲ್ಲಿ, ಸಿ. ಹಯವದನರಾವ್ 1920ರ ದಶಕದ ಕೊನೆಯಲ್ಲಿ ಮೈಸೂರು ಗ್ಯಾಸೆಟಿಯರ್ ತಂದರು. 1980ರ ದಶಕದಲ್ಲಿ ಇತಿಹಾಸಕಾರ ಸೂರ್ಯನಾಥ ಕಾಮತ್ ಕರ್ನಾಟಕ ಗ್ಯಾಸೆಟಿಯರ್‌ನ ಪ್ರಧಾನ ಸಂಪಾದಕರಾಗಿದ್ದರು. ಜಿಲ್ಲಾ ಗ್ಯಾಸೆಟಿಯರಿನಲ್ಲಿ ಊರಿನ ಕೆರೆ, ಜಾತ್ರೆ, ಬೆಳೆ, ದೇವಸ್ಥಾನ ಎಲ್ಲ ಬರುತ್ತವೆ. ದೇವಸ್ಥಾನವನ್ನು ಪಾಂಡವರು ಕಟ್ಟಿಸಿದರು ಎಂದು ಊರವರು ಹೇಳುತ್ತಾರೆ. ಗೋಡೆಯ ಶಾಸನದಲ್ಲಿ ಬೇರೆಯೇ ಇರುತ್ತದೆ. ಎರಡನ್ನೂ ಬರೆಯಬೇಕು. 'ಎಂಬ ಪ್ರತೀತಿ ಇದೆ' ಎಂಬುದು ಯಾವುದಕ್ಕೆ, 'ಕಟ್ಟಿಸಿದನು' ಎಂಬುದು ಯಾವುದಕ್ಕೆ ಎಂದು ನಿರ್ಧರಿಸುವವರು ಸಂಪಾದಕರು. ನಾಳೆ ಆ ಊರಿನ ಬಗ್ಗೆ ಬರೆಯುವವರೆಲ್ಲ ಈ ಪುಟವನ್ನೇ ತೆರೆಯುತ್ತಾರೆ.

ಮೇಲಿನಿಂದ ಒತ್ತಡ ಬಂದರೆ? ಬರುತ್ತದೆ. ಆಗ ಇರುವ ದಾರಿ ಕಡತದ ಟಿಪ್ಪಣಿ ಹಾಳೆ. ಏರುದನಿಯ ವಾದದಿಂದ ಕಚೇರಿಯಲ್ಲಿ ಏನೂ ಆಗುವುದಿಲ್ಲ. "ಪುಟ 14ರ ಅಂಕಿಯು ಅನುಬಂಧದ ಅಂಕಿಗೆ ಹೊಂದುತ್ತಿಲ್ಲ. ಸ್ಪಷ್ಟೀಕರಣ ಬರುವವರೆಗೆ ಮುದ್ರಣಕ್ಕೆ ಕಳಿಸುವುದು ಸೂಕ್ತವಲ್ಲ ಎಂದು ಅಭಿಪ್ರಾಯಪಡಲಾಗಿದೆ" ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿ ಮಂಡಿಸಿ. ಅದನ್ನು ದಾಟಿ ಹೋಗಬೇಕಾದವರು ತಮ್ಮ ಸಹಿಯನ್ನೂ ಅದರ ಕೆಳಗೆ ಹಾಕಬೇಕಾಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ಆ ಹಾಳೆಯನ್ನು ನಾಗರಿಕರೂ ಕೇಳಬಹುದು. ನನ್ನ ಅನುಭವದಲ್ಲಿ ಅಂಕಿಯ ವಿಷಯದಲ್ಲಿ ಬರೆದ ಟಿಪ್ಪಣಿಗಳು ಹೆಚ್ಚಾಗಿ ಗೆದ್ದವು. ಹೊಗಳಿಕೆಯ ಸಾಲುಗಳನ್ನು ಕಡಿಮೆ ಮಾಡಿ ಎಂದು ಬರೆದವು ಅಷ್ಟಾಗಿ ಗೆಲ್ಲಲಿಲ್ಲ. ಆದರೂ ಬರೆದೆ.

ಸೇರುವ ದಾರಿಗಳ ಬಗ್ಗೆ ಚುಟುಕಾಗಿ. ಪ್ರಕಟಣಾ ವಿಭಾಗದ ಹಿರಿಯ ಸಂಪಾದಕರು ಸಾಮಾನ್ಯವಾಗಿ ಭಾರತೀಯ ಮಾಹಿತಿ ಸೇವೆಯವರು, ಆ ಸೇವೆಗೆ ಕೇಂದ್ರ ಲೋಕಸೇವಾ ಆಯೋಗದ ಮೂಲಕ ಹೋಗಬೇಕು. ಇವತ್ತು ಪತ್ರಿಕೆ, ನಾಳೆ ಆಕಾಶವಾಣಿಯ ಸುದ್ದಿ ವಿಭಾಗ, ಆಮೇಲೆ ಸರ್ಕಾರದ ಸುದ್ದಿಯನ್ನು ಪತ್ರಿಕೆಗಳಿಗೆ ಕೊಡುವ ಪಿಐಬಿ ಎಂದು ವರ್ಗಾವಣೆ ಇದ್ದೇ ಇರುತ್ತದೆ. ನ್ಯಾಷನಲ್ ಬುಕ್ ಟ್ರಸ್ಟ್, ಸಾಹಿತ್ಯ ಅಕಾಡೆಮಿಯಂಥ ಸ್ವಾಯತ್ತ ಸಂಸ್ಥೆಗಳು ತಮ್ಮ ನೇಮಕಾತಿಯನ್ನು ತಾವೇ ಮಾಡಿಕೊಳ್ಳುತ್ತವೆ.

ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ತಾಲ್ಲೂಕು ಕಚೇರಿಯ ಸೂಚನಾ ಫಲಕದ ಮುಂದೆ ಹೋಗಿ ನಿಂತು, ಅಂಟಿಸಿರುವ ಯಾವುದಾದರೂ ಒಂದು ಪ್ರಕಟಣೆಯನ್ನು ನಿಧಾನವಾಗಿ ಓದಿ. ಯಾರಿಗೆ, ಯಾವತ್ತಿನವರೆಗೆ, ಯಾವ ಕಾಗದ ತರಬೇಕು ಎಂಬುದು ಓದಿದವರಿಗೆ ಅನುಮಾನವಿಲ್ಲದೆ ತಿಳಿಯುತ್ತದೆಯೇ ನೋಡಿ. ತಿಳಿಯದಿದ್ದರೆ ಒಳಗೆ ಹೋಗಿ ಕೇಳಬೇಕು ಎಂದು ನಿಮಗೆ ಅನಿಸಿದರೆ, ಅರ್ಜಿ ಹಾಕಿ.