ಇಂಡಿಯಾನಾ ಜೋನ್ಸ್: ಪುರಾತತ್ತ್ವಜ್ಞನೋ, ಟೋಪಿ ಧರಿಸಿದ ನಿಧಿಗಳ್ಳನೋ?

ಓದುಗರ ಪ್ರಶ್ನೆ: ಹಾಲಿವುಡ್ ಸಾಹಸಚಿತ್ರ ಸರಣಿಯ ಪುರಾತತ್ತ್ವ ಪ್ರಾಧ್ಯಾಪಕ ಇಂಡಿಯಾನಾ ಜೋನ್ಸ್‌ನನ್ನು ಸಿನಿಮಾ ನೋಡುವವರು ವೀರನೆಂದು ಮೆಚ್ಚುತ್ತಾರೆ, ಪುರಾತತ್ತ್ವ ಓದಿದವರು ಕಳ್ಳನೆಂದು ನಗುತ್ತಾರೆ. ಆತನಲ್ಲಿ ನಿಜವಾಗಿ ಇರುವ ಗುಣವೇನು, ದೋಷವೇನು?

ಉತ್ತರ: ಚಾವಟಿ, ಪಿಸ್ತೂಲು, ಓಡುವ ಲಾರಿಯ ಮೇಲಿನ ಹೊಡೆದಾಟ ಇವೆಲ್ಲ ಸಾಹಸಕಥೆಯ ಸಾಮಗ್ರಿಗಳು, ಅವುಗಳನ್ನು ಹಿಡಿದು ಆತನ ವೃತ್ತಿಯನ್ನು ಅಳೆಯುವುದರಲ್ಲಿ ಅರ್ಥವಿಲ್ಲ. ಪ್ರಾಚೀನ ವಸ್ತುವೊಂದನ್ನು ಆತ ಹೇಗೆ ನೋಡುತ್ತಾನೆ, ಅದಕ್ಕಾಗಿ ಏನನ್ನು ಮತ್ತು ಯಾರನ್ನು ಬಿಟ್ಟುಕೊಡುತ್ತಾನೆ ಎಂಬುದನ್ನು ಗಮನಿಸಿದರೆ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿರುವುದು ಕಾಣುತ್ತದೆ.

1981ರಲ್ಲಿ ತೆರೆಕಂಡ ಮೊದಲ ಚಿತ್ರ, ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’, 1936ರ ಪೆರುವಿನಲ್ಲಿ ಆರಂಭವಾಗುತ್ತದೆ. ಕಾಡಿನೊಳಗಿನ ದೇಗುಲವನ್ನು ಹೊಕ್ಕ ನಾಯಕ, ಪೀಠದ ಮೇಲಿನ ಚಿನ್ನದ ವಿಗ್ರಹವನ್ನು ಎತ್ತಿ ಅದರ ಜಾಗದಲ್ಲಿ ಮರಳಿನ ಚೀಲವನ್ನು ಇಡುತ್ತಾನೆ. ಆತ ಅಲ್ಲಿ ಏನನ್ನೂ ಅಳೆಯುವುದಿಲ್ಲ, ಒಂದು ಗೆರೆಯನ್ನೂ ಬರೆದುಕೊಳ್ಳುವುದಿಲ್ಲ. ಆ ಕಾಲದಲ್ಲಿ ಹಾಗೆ ಒಯ್ಯುವುದು ತಪ್ಪಾಗಿರಲಿಲ್ಲ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಸ್ಪೇನ್ ಆಳ್ವಿಕೆಗೆ ಹಿಂದಿನ ಪುರಾವಶೇಷಗಳು ದೇಶದ ಸ್ವತ್ತೆಂದು ಸಾರುವ ಕಾನೂನನ್ನು ಪೆರು 1929ರಲ್ಲಿಯೇ ಮಾಡಿತ್ತು. ವಿಗ್ರಹವನ್ನು ಪ್ರತಿಸ್ಪರ್ಧಿ ಬೆಲಾಕ್ ಕಸಿದುಕೊಂಡಾಗ ನಮಗೆ ನಾಯಕನ ಮೇಲೆ ಮರುಕ ಹುಟ್ಟುತ್ತದೆ. ಆದರೆ ಕಾಲೇಜಿಗೆ ಹಿಂತಿರುಗಿದ ಮೇಲೆ, ಅದೇ ಪ್ರವಾಸದಲ್ಲಿ ತಂದ ಸಣ್ಣಪುಟ್ಟ ವಸ್ತುಗಳನ್ನು ಆತ ಸಂಗ್ರಹಾಲಯವೊಂದರಲ್ಲಿರುವ ಗೆಳೆಯ ಮಾರ್ಕಸ್ ಬ್ರೋಡಿಯ ಮುಂದಿಡುತ್ತಾನೆ. ಸಂಗ್ರಹಾಲಯವು ಎಂದಿನಂತೆ ಏನನ್ನೂ ಕೇಳದೆ ಕೊಂಡುಕೊಳ್ಳುತ್ತದೆ ಎಂದು ಬ್ರೋಡಿ ಭರವಸೆ ನೀಡುತ್ತಾನೆ. ಇಡೀ ಸರಣಿಯಲ್ಲಿ ನಾಯಕನ ಮೇಲೆ ಹೊರಿಸಬಹುದಾದ ಅತ್ಯಂತ ಗಂಭೀರ ಆರೋಪವು ಹೀಗೆ ಒಂದು ಸಾಲಿನಲ್ಲಿ ಸುಮ್ಮನೆ ಜಾರಿಹೋಗುತ್ತದೆ. ವಾಸ್ತವ ಜಗತ್ತು ಇಷ್ಟು ಸುಲಭವಾಗಿ ಮರೆಯಲಿಲ್ಲ: ಪೆರುವಿನ ಪ್ರಾಚೀನ ಇಂಕಾ ನೆಲೆಯಾದ ಮಾಚು ಪಿಚುವಿಗೆ 1911ರಲ್ಲಿ ಹೋದ ಅಮೆರಿಕದ ಅನ್ವೇಷಕ ಹಿರಾಮ್ ಬಿಂಗಮ್ ಅಲ್ಲಿಂದ ಸಾಗಿಸಿದ ವಸ್ತುಗಳನ್ನು ಯೇಲ್ ವಿಶ್ವವಿದ್ಯಾಲಯವು ದೀರ್ಘ ವಿವಾದದ ನಂತರ 2011 ಮತ್ತು 2012ರಲ್ಲಿ ಪೆರುವಿಗೆ ಹಿಂದಿರುಗಿಸಬೇಕಾಯಿತು.

ವಿಚಿತ್ರವೆಂದರೆ, ನಾಯಕನ ದೋಷವನ್ನು ಚಿತ್ರದಲ್ಲಿ ಬಾಯಿಬಿಟ್ಟು ಹೇಳುವವನು ಖಳನೇ. ಕೈರೋದಲ್ಲಿ ಬೆಲಾಕ್ ಒಂದು ಅಗ್ಗದ ಗಡಿಯಾರವನ್ನು ತೋರಿಸಿ, ಇದನ್ನು ಮರಳಿನಲ್ಲಿ ಹೂತು ಸಾವಿರ ವರ್ಷ ಬಿಟ್ಟರೆ ಬೆಲೆ ಕಟ್ಟಲಾಗದ ವಸ್ತುವಾಗುತ್ತದೆ ಎನ್ನುತ್ತಾನೆ. ನೀನೂ ನಾನೂ ಹೆಚ್ಚು ಬೇರೆಯಲ್ಲ ಎಂದೂ ಸೂಚಿಸುತ್ತಾನೆ. ಎರಡನೆಯ ಮಾತು ಸರಿ, ಮೊದಲನೆಯದು ಅರ್ಧ ಮಾತ್ರ ಸರಿ. ಏಕೆಂದರೆ ಪುರಾತತ್ತ್ವದಲ್ಲಿ ಮಾತನಾಡುವುದು ಗಡಿಯಾರಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ಮರಳು. ಇದಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1947ರಲ್ಲಿ ಅಲ್ಲಿ ಅಗೆತ ನಡೆಸಿದ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅವರಿಗೆ ಮೇಲಿನ ಸ್ತರದಲ್ಲಿ ಸಿಕ್ಕ ಮಹತ್ವದ ಸಾಕ್ಷ್ಯವೆಂದರೆ, ಒಳಮೈಯಲ್ಲಿ ಚುಕ್ಕೆಗಳ ಸಾಲುಗಳಿದ್ದ ಒಂದು ಬಗೆಯ ಮಡಕೆಯ ಚೂರುಗಳು. ಅಂಥ ಚೂರುಗಳೇ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ, ಕಾಲ ಗೊತ್ತಿದ್ದ ರೋಮನ್ ಮಡಕೆಗಳಿದ್ದ ನೆಲೆಯಲ್ಲಿ ದೊರೆತಿದ್ದುದರಿಂದ, ಬ್ರಹ್ಮಗಿರಿಯ ಆ ಸ್ತರವನ್ನು ಕ್ರಿಸ್ತಶಕದ ಆರಂಭದ ಕಾಲಕ್ಕೆ ಹೊಂದಿಸಲು ಸಾಧ್ಯವಾಯಿತು. ಅದರ ಕೆಳಗಿನ, ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಬೃಹತ್ ಶಿಲಾ ಸಂಸ್ಕೃತಿಗೂ ಅದಕ್ಕಿಂತ ಕೆಳಗಿನ ಕಲ್ಲುಕೊಡಲಿಯ ಜನರಿಗೂ ಒಂದು ಅನುಕ್ರಮ ಸಿಕ್ಕಿತು. ಸ್ತರವನ್ನು ಗುರುತಿಸದೆ ಕಿತ್ತುಕೊಂಡಿದ್ದರೆ ಅವು ಬರಿಯ ಬೋಕಿಗಳಾಗಿ ಉಳಿಯುತ್ತಿದ್ದವು. ನಮ್ಮ ಹಳೆಯ ದೇವಾಲಯಗಳ ಗರ್ಭಗುಡಿಯನ್ನು ಅಗೆಯುವ ನಿಧಿಗಳ್ಳರು ಮಾಡುವ ದೊಡ್ಡ ಹಾನಿಯೂ ಇದೇ: ಅವರಿಗೆ ಏನೂ ಸಿಗದೆ ಹೋದಾಗಲೂ ನೆಲದ ಸಾಕ್ಷ್ಯ ಶಾಶ್ವತವಾಗಿ ಅಳಿಸಿಹೋಗಿರುತ್ತದೆ.

ಆದರೂ ಜೋನ್ಸ್‌ನನ್ನು ಆ ಸಾಲಿನಲ್ಲಿ ಪೂರ್ತಿಯಾಗಿ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ. ಆತ ಓದಿದವನು, ಹಲವು ಭಾಷೆ ಬಲ್ಲವನು, ಇತರರು ಕಲ್ಲನ್ನು ಕಾಣುವಲ್ಲಿ ಶಾಸನವನ್ನು ಕಾಣುವವನು. 1989ರ ಚಿತ್ರದಲ್ಲಿ, ಈ ವೃತ್ತಿಯ ಬಹುಪಾಲು ಕೆಲಸ ಗ್ರಂಥಾಲಯದಲ್ಲಿಯೇ ನಡೆಯುತ್ತದೆ ಎಂದು ವಿದ್ಯಾರ್ಥಿಗಳಿಗೆ ಸರಿಯಾಗಿಯೇ ಹೇಳುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ವೆನಿಸ್‌ನ ಗ್ರಂಥಾಲಯವೊಂದರ ನೆಲವನ್ನೇ ಒಡೆಯುತ್ತಾನೆಂಬುದು ಬೇರೆ ಮಾತು. ಅಮೆರಿಕದ ಪುರಾತತ್ತ್ವ ಸಂಸ್ಥೆಯು 2008ರಲ್ಲಿ ಆ ಪಾತ್ರದ ನಟ ಹ್ಯಾರಿಸನ್ ಫೋರ್ಡ್ ಅವರನ್ನು ತನ್ನ ಆಡಳಿತ ಮಂಡಳಿಗೆ ಆರಿಸಿಕೊಂಡಿತೆಂದರೆ, ವೃತ್ತಿಪರರಿಗೂ ಈ ಪಾತ್ರದ ಋಣದ ಅರಿವಿತ್ತು ಎಂದೇ ಅರ್ಥ.

ಆತನ ಅತ್ಯುತ್ತಮ ಗುಣ ಬೆಳಗುವುದು ಸರಣಿಯ ಅತ್ಯಂತ ಅಸಹನೀಯ ಚಿತ್ರದಲ್ಲಿ. 1984ರ ‘ಟೆಂಪಲ್ ಆಫ್ ಡೂಮ್’ ಭಾರತವನ್ನು ಕೋತಿಯ ಮಿದುಳು ತಿನ್ನುವ ಅರಮನೆಯಾಗಿ, ಕಾಳಿಯನ್ನು ನರಬಲಿಯ ದೇವತೆಯಾಗಿ ಚಿತ್ರಿಸಿತು. ಇಲ್ಲಿ ಚಿತ್ರೀಕರಣಕ್ಕೆ ಅನುಮತಿ ಸಿಗದೆ ತಂಡವು ಶ್ರೀಲಂಕಾಕ್ಕೆ ಹೋಯಿತು, ಅಮರೀಶ್ ಪುರಿಯವರ ಖಳಪಾತ್ರವೊಂದೇ ನಮಗೆ ಉಳಿದ ಸಮಾಧಾನ. ಆ ದೋಷ ಬರೆದವರದು. ನಾಯಕನಾದರೋ ಸಂಪತ್ತು, ಕೀರ್ತಿ ಎನ್ನುತ್ತ ಹೊರಟವನು, ಹಳ್ಳಿಯೊಂದರಿಂದ ಕಳುವಾಗಿದ್ದ ಪವಿತ್ರ ಶಿಲೆಯನ್ನು ಕೊನೆಗೆ ಆ ಹಳ್ಳಿಯವರಿಗೇ ಒಪ್ಪಿಸುತ್ತಾನೆ. ಸಂಗ್ರಹಾಲಯದಲ್ಲಿ ಅದು ಧೂಳು ಹಿಡಿಯುವ ಮತ್ತೊಂದು ಕಲ್ಲಾಗುತ್ತಿತ್ತು ಎನ್ನುತ್ತಾನೆ. ಆದರೆ ಈ ಕಥೆ ನಡೆಯುವುದು 1935ರಲ್ಲಿ, ಅಂದರೆ ಪೆರುವಿನ ಪ್ರಸಂಗಕ್ಕಿಂತ ಒಂದು ವರ್ಷ ಮೊದಲು. ಕಲಿತ ಪಾಠವನ್ನು ಆತ ವರ್ಷದೊಳಗೆ ಮರೆತನೆಂದೇ ಕಥೆಯ ಕಾಲಕ್ರಮ ಹೇಳುತ್ತದೆ.

ಮನುಷ್ಯನಾಗಿ ಆತನ ದೋಷವು ಮೊದಲ ಚಿತ್ರದ ನಾಯಕಿ ಮೇರಿಯನ್‌ಳ ವಿಷಯದಲ್ಲಿ ಹೆಚ್ಚು ಕಟುವಾಗಿ ಕಾಣುತ್ತದೆ. ತನ್ನ ಗುರುವಿನ ಮಗಳಾದ ಆಕೆಯನ್ನು ಎಳೆಯ ವಯಸ್ಸಿನಲ್ಲಿ ನೋಯಿಸಿದವನು, ಶತ್ರುಗಳ ಬಿಡಾರದಲ್ಲಿ ಆಕೆ ಜೀವಂತವಾಗಿ ಕಟ್ಟಿಹಾಕಲ್ಪಟ್ಟಿರುವುದನ್ನು ಕಂಡಾಗಲೂ, ಬಿಡಿಸಿದರೆ ಸುಳಿವು ಸಿಕ್ಕಿ ತನ್ನ ಅಗೆತ ಕೆಡುತ್ತದೆಂದು ಮತ್ತೆ ಬಾಯಿಗೆ ಬಟ್ಟೆ ಕಟ್ಟಿ ಹೊರಟುಹೋಗುತ್ತಾನೆ. ಕೊನೆಯಲ್ಲಿ ಅವಳನ್ನು ಬಿಡದಿದ್ದರೆ, ತಾನೂ ಬೆಲಾಕ್‌ನೂ ಹುಡುಕುತ್ತಿದ್ದ ‘ಆರ್ಕ್’ ಎಂಬ ಪವಿತ್ರ ಪೆಟ್ಟಿಗೆಯನ್ನೇ ಸ್ಫೋಟಿಸುವೆನೆಂದು ಬೆದರಿಸಿದಾಗ, ಬೆಲಾಕ್ ಅಂಜುವುದಿಲ್ಲ: ಸ್ಫೋಟಿಸು, ಆದರೆ ಅದನ್ನು ತೆರೆದು ನೋಡುವ ಆಸೆ ನಿನಗೂ ನನ್ನಷ್ಟೇ ಇದೆ ಎನ್ನುತ್ತಾನೆ. ಜೋನ್ಸ್ ಆಯುಧವನ್ನು ಕೆಳಗಿಳಿಸಿ ಸೆರೆಯಾಗುತ್ತಾನೆ. ಪ್ರಾಚೀನ ವಸ್ತುವನ್ನು ನಾಶಮಾಡಲಾರದ ಆ ಕೈಯೇ ಮೇರಿಯನ್‌ಳ ಕಟ್ಟುಗಳನ್ನು ಬಿಚ್ಚದೆ ಹೋದ ಕೈ ಕೂಡ.